ಅಟ್ಟಕ್ಕೆ ಹೋದ ಅರ್ಜಿ

ಊರಿಗೆಲ್ಲ ಕೆಲಸ ಕೊಡಿಸುವ ವೆಬ್‌ಸೈಟ್ ನಡೆಸುತ್ತ ತಮ್ಮ ದೊಡ್ಡ ಮನುಷ್ಯನಾಗಿದ್ದ. ಅಕ್ಕನಿಗೆ ಮಾತ್ರ ಕೆಲಸವಿರಲಿಲ್ಲ. ಹಾಸಿಗೆ ಹಿಡಿದ ಅಪ್ಪನನ್ನು ಆರು ವರ್ಷ ನೋಡಿಕೊಂಡಳು. ಅಪ್ಪ ಹೋದ ಮೇಲೆ, ಬಿಟ್ಟಿದ್ದ ನಕ್ಷೆ ಬರೆಯುವ ಕೆಲಸಕ್ಕೆ ಮರಳೋಣವೆಂದರೆ ವಯಸ್ಸು ನಲವತ್ತೇಳು. ತಮ್ಮನ ಶಿಫಾರಸು ಹಿಡಿದು ಹೋಗಲು ಬಿಗುಮಾನ ಬಿಡಲಿಲ್ಲ. ಅವನ ಕಿವಿಗೂ ಹಾಕದೆ, ಎಲ್ಲರಂತೆ ಅವನ ಸೈಟಿನಲ್ಲೇ, ಮನೆ ಹತ್ತಿರದ ಒಂದು ಕಟ್ಟಡ ವಿನ್ಯಾಸದ ಕಚೇರಿಗೆ ಅರ್ಜಿ ಹಾಕಿದಳು. ಒಂದೇ ನಿಮಿಷದಲ್ಲಿ ಉತ್ತರ ಬಂತು: ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.’ ಐದು ತಿಂಗಳಾದರೂ ಪರಿಶೀಲನೆ ಮುಗಿಯಲಿಲ್ಲ. ಅದೇನು ಅರ್ಜಿಯೋ ಮೊಟ್ಟೆಯೋ, ಯಾರೋ ಕಾವು ಕೊಡುತ್ತಾ ಕೂತಿದ್ದರು.

ತಾಳ್ಮೆ ಕೆಟ್ಟು ಒಂದು ದಿನ ಅವಳು ತಮ್ಮನ ಆಫೀಸಿಗೇ ಹೋದಳು. ಅಲ್ಲಿ ಪತ್ರಿಕೆಯ ವರದಿಗಾರ್ತಿಯೊಬ್ಬಳು, “ಈ ಉದ್ಯಮಕ್ಕೆ ನಿಮಗೆ ಪ್ರೇರಣೆ ಏನು ಸರ್?” ಎಂದು ಕೇಳುತ್ತಿದ್ದಳು. ತಮ್ಮ ಕಣ್ಣು ಅರ್ಧ ಮುಚ್ಚಿಕೊಂಡ. ಶುರುವಾಯ್ತಪ್ಪ ಪುರಾಣ, ಅಂದುಕೊಂಡಳು ಅಕ್ಕ.

“ಗಡಿಯಾರದ ಕಾರ್ಖಾನೆಯಲ್ಲಿ ಇಂಟರ್‌ವ್ಯೂ ಕೊಟ್ಟಿದ್ದೆ. ಮ್ಯಾನೇಜರ್ ‘ತಿಳಿಸ್ತೀವಿ’ ಅಂದ್ರು. ಒಂದು ವರ್ಷ ಕಾದೆ. ಇಲ್ಲ ಅಂತಾದ್ರೂ ಹೇಳಬಹುದಿತ್ತಲ್ವಾ? ನನ್ನ ಸೈಟಲ್ಲಿ ಯಾರೂ ಹಾಗೆ ಕಾಯಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.”

ವರದಿಗಾರ್ತಿಯ ಕಣ್ಣು ಒದ್ದೆಯಾಯಿತು. ಅಕ್ಕನಿಗೆ ಮೈ ಉರಿಯಿತು. ಪಕ್ಕದ ಮೇಜಿನ ಪ್ರೋಗ್ರಾಮರ್ ಹತ್ತಿರ ಹೋಗಿ, “ನನ್ನ ಅರ್ಜಿ ಎಲ್ಲಿ ಬಿದ್ದು ಒದ್ದಾಡ್ತಿದೆ, ಸ್ವಲ್ಪ ನೋಡಮ್ಮ” ಅಂದಳು.

ಪ್ರೋಗ್ರಾಮರ್ ಬಾಯಲ್ಲಿ ಮಾತು ನಿಲ್ಲದ ಹೆಂಗಸು.

“ಇದು ಅಟ್ಟದಲ್ಲಿದೆ ಮೇಡಂ. ನಲವತ್ತೈದು ದಾಟಿ, ಎರಡು ವರ್ಷಕ್ಕಿಂತ ಜಾಸ್ತಿ ಕೆಲಸ ಬಿಟ್ಟವರೆಲ್ಲ ಅಟ್ಟಕ್ಕೆ ಹೋಗ್ತಾರೆ. ಆಮೇಲೆ ಕಂಪನಿಗಳಿಗೆ ಕಾಣೋದೇ ಇಲ್ಲ. ಸರ್ ಮಾಡಿಸಿದ ರೂಲು. ಹೋದ ವರ್ಷ ಗಡಿಯಾರದ ಕಾರ್ಖಾನೆಯ ಹಳೇ ಮ್ಯಾನೇಜರ್ ಅರ್ಜಿ ಬಂತಲ್ಲ, ಸರ್ ಕುಣಿದಾಡಿಬಿಟ್ರು. ಒಬ್ಬರ ಹೆಸರಿಗೇ ರೂಲು ಮಾಡಿದ್ರೆ ಸಿಕ್ಕಿಬೀಳ್ತೀವಿ ಅಂತ, ಅವರ ಥರದವರಿಗೆಲ್ಲ ಮಾಡಿದ್ವಿ. ಈಗ ಅಲ್ಲಿ ಒಂಬತ್ತು ಸಾವಿರ ಜನ ಇದ್ದಾರೆ.”

ವರದಿಗಾರ್ತಿಯ ಪೆನ್ನು ನಿಂತಿತು. ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಅಕ್ಕಾ, ನೀನು ಅರ್ಜಿ ಹಾಕಿದ್ದು ನನಗೇನು ಗೊತ್ತು? ನಿನ್ನೊಬ್ಬಳನ್ನ ಈಗಲೇ ಇಳಿಸ್ತೀನಿ.”

“ರೂಲನ್ನೇ ತೆಗಿ.”

“ತೆಗೆದ್ರೆ ಅವನೂ ಇಳಿದುಬಿಡ್ತಾನಲ್ಲೇ.”

ಬಾಯಿ ತಪ್ಪಿ ಬಂದ ಮಾತಲ್ಲ ಅದು. ತಮ್ಮ ನಿಜವಾಗಿಯೂ ಯೋಚಿಸುತ್ತಾ ನಿಂತಿದ್ದ. ಒಂದು ಕಡೆ ಅವನಿಗಾಗಿ ಕಾಲೇಜಿನ ಫಾರಂ ತುಂಬಿದ ಅಕ್ಕ, ಇನ್ನೊಂದು ಕಡೆ ಹದಿನೈದು ವರ್ಷದ ಹಿಂದೆ ಉತ್ತರ ಕೊಡದ ಮ್ಯಾನೇಜರ್. ಇದಕ್ಕೂ ಯೋಚನೆ ಬೇಕಾಯಿತಲ್ಲ ಇವನಿಗೆ, ಅಂದುಕೊಂಡಳು ಅಕ್ಕ.

“ಪ್ರೇರಣೆ ಕೇಳಿದ್ರಲ್ಲ,” ಎಂದಳು ವರದಿಗಾರ್ತಿಗೆ. “ಇದೇ. ಬರ್ಕೊಳ್ಳಿ.”

ಆ ಮಾತಿಗೆ ತಮ್ಮ ತಲೆ ತಗ್ಗಿಸಿ ಪ್ರೋಗ್ರಾಮರ್‌ಗೆ ಕೈ ಸನ್ನೆ ಮಾಡಿದ. ಅವಳು ಒಂದು ಗುಂಡಿ ಒತ್ತಿದಳು. ಒಂಬತ್ತು ಸಾವಿರ ಜನ ಒಟ್ಟಿಗೇ ಅಟ್ಟದಿಂದ ಇಳಿದರು, ಮ್ಯಾನೇಜರೂ ಸೇರಿ.

ಅಕ್ಕ ಇನ್ನೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಫೋನಿಗೆ ಆ ಕಟ್ಟಡ ವಿನ್ಯಾಸದ ಕಚೇರಿಯಿಂದ ಸಂದೇಶ ಬಂತು: ‘ಈ ಹುದ್ದೆ ಮೂರು ತಿಂಗಳ ಹಿಂದೆಯೇ ಭರ್ತಿಯಾಗಿದೆ. ಕ್ಷಮಿಸಿ.’

ಅವಳು ಫೋನನ್ನು ತಮ್ಮನ ಕೈಗೆ ಕೊಟ್ಟಳು. ಅವನು ಎರಡು ಸಲ ಓದಿದ.

“ಅಕ್ಕಾ…”

“ಇರಲಿ ಬಿಡು. ಇವರು ಇಲ್ಲ ಅಂತಾದ್ರೂ ಹೇಳಿದ್ರು.”