ಸೂಜಿಗೆ ಕೊಟ್ಟ ಉತ್ತರ

ಕೈಫೆಂಗಿನ ನಮ್ಮ ಓಣಿಗೆಲ್ಲ ಕೇಳುವಂತೆ ಕೂಗಿ ತೋಫು ಮಾರುತ್ತಿದ್ದವನು ನನ್ನ ಗಂಡ, ನಮ್ಮ ಮುದುಕ ದೆಶುನ್. ಮರೆವಿನ ಕಾಯಿಲೆ ಹಿಡಿದ ಮೇಲೆ ನನ್ನ ಹತ್ತಿರ ಮಾತೇ ಬಿಟ್ಟ. ನವಣೆ ಗಂಜಿ ಬಾಯಿಗಿಟ್ಟರೆ ನುಂಗುತ್ತಿದ್ದ, ಅಷ್ಟೇ. ನಾನ್ಯಾರು ಹೇಳು ಅಂದರೆ ಗೋಡೆ ನೋಡುತ್ತಿದ್ದ.

ಮಗಳ ಮಾತು ಕೇಳಿ ಸೂಜಿ ಚಿಕಿತ್ಸೆಗೆ ಕರೆದುಕೊಂಡು ಹೋದೆ. ಡಾಕ್ಟರು ರುವಾನ್, ಇನ್ನೂ ಸಣ್ಣ ಪ್ರಾಯದ ಹೆಂಗಸು.

"ವಾಸಿ ಆಗತ್ತೆ ಅಂತ ಮಾತು ಕೊಡಲ್ಲ ದೊಡ್ಡಮ್ಮ. ಕೆಲವರಿಗೆ ಒಂಚೂರು ಗೆಲುವಾಗತ್ತೆ. ನೋಡೋಣ," ಅಂದಳು.

ನೆತ್ತಿಗೊಂದು ಸೂಜಿ, ಹೆಬ್ಬೆರಳು ತೋರುಬೆರಳಿನ ಸಂದಿಗೊಂದು. ಕೈಯ ಸೂಜಿಯನ್ನು ಮೆಲ್ಲಗೆ ತಿರುವುತ್ತಾ ಕೇಳಿದಳು: "ಬಂತಾ, ತಾತ?"

ಸೂಜಿ ಹಾಕುವವರು ಹಾಗೆ ಕೇಳಲೇಬೇಕು. ಒಳಗೆ ಜೋಮೋ ಭಾರವೋ ಎದ್ದಿತೆಂದು ರೋಗಿ ಹೇಳಿದ ಮೇಲೆಯೇ ಕೈ ತೆಗೆಯುವುದು.

"ಬಂತು. ಜೋಮು ಹಿಡೀತು," ಅಂದ ನಮ್ಮ ಮುದುಕ. ತೋಫು ಕೂಗುತ್ತಿದ್ದ ಅದೇ ಗಂಟಲು!

ನಾನು ಸಂತೋಷಪಡಬೇಕಿತ್ತು. ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು.

ಪಕ್ಕದ ಮಂಚದಲ್ಲಿ ಮಂಡಿಗೆ ಸೂಜಿ ಹಾಕಿಸಿಕೊಂಡು ಮಲಗಿದ್ದ ಪಾಂಗ್ ಅನ್ನುವವನು ನಕ್ಕ. "ಅಕ್ಕಾ, ನಿಮ್ಮ ಯಜಮಾನ್ರಿಗೆ ಮರೆವೂ ಇಲ್ಲ, ಮಣ್ಣೂ ಇಲ್ಲ. ಕೇಳೋರು ಚೆನ್ನಾಗಿದ್ರೆ ಉತ್ತರ ತಾನೇ ಬರತ್ತೆ!"

"ನಾಲಿಗೆಗೂ ಒಂದು ಹಾಕಿಸ್ಕೊಳಪ್ಪ, ನೋವು ಅಲ್ಲೇ ಇರೋದು," ಅಂದು ಬಾಗಿಲಿನ ದಪ್ಪ ಪರದೆ ಸರಿಸಿ ಹೊರಗೆ ಬಂದುಬಿಟ್ಟೆ.

ಆಮೇಲೆ ಯಾವತ್ತು ಹೋದರೂ ನಾನು ಹೊರಗಿನ ಬೆಂಚಿನ ಮೇಲೆಯೇ. ಹಿಮ ಬೀಳುತ್ತಿದ್ದರೂ ಒಳಗೆ ಕಾಲಿಡಲಿಲ್ಲ. ಪರದೆಯಾಚೆ ಅವಳು "ಬಂತಾ?" ಅನ್ನುವಳು, ಇವನು "ಬಂತು" ಅನ್ನುವನು. ಮನೆಗೆ ಬಂದರೆ ಮತ್ತೆ ಅದೇ ಗೋಡೆ.

ಒಂದು ಮಧ್ಯಾಹ್ನ ಮನೆಯಲ್ಲಿ ತಡೆಯಲಾಗಲಿಲ್ಲ. ಗಂಜಿ ಬಟ್ಟಲು ಕೆಳಗಿಟ್ಟು, ಅವನ ಕೈ ಎಳೆದುಕೊಂಡು, ಅದೇ ಸಂದಿಯಲ್ಲಿ ನನ್ನ ಹೆಬ್ಬೆರಳು ಊರಿ ಒತ್ತಿದೆ.

"ಬಂತಾ?"

ಅವನು ಕಣ್ಣು ಮುಚ್ಚಿದ. "ಬಂತು."

ನನ್ನ ಮೈಯೇ ಜುಮ್ಮೆಂದಿತು. "ನಾನ್ಯಾರು, ಹೇಳು ನೋಡೋಣ?"

"ಡಾಕ್ಟ್ರಮ್ಮ."

ಕೈ ಕೊಡವಿ ಏಳುವುದರಲ್ಲಿದ್ದೆ. ಅಷ್ಟರಲ್ಲಿ ಅವನು ನನ್ನತ್ತ ಬಾಗಿ, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದ:

"ನಮ್ಮವಳು ಹೊರಗೆ ಕೂತಿದಾಳೆ. ಹಿಮ ಬೀಳ್ತಿದೆ. ಬಲು ಸಿಟ್ಟು ಅವಳಿಗೆ, ನಾನು ಕರೆದ್ರೆ ಬರಲ್ಲ. ನೀವೇ ಒಂದ್ಸಲ ಕರೀರಿ."

"ಕರೀತೀನಿ," ಅಂದೆ. ಕೈ ಮಾತ್ರ ಬಿಡಲಿಲ್ಲ. ಹೊರಗೆ ಹಿಮದಲ್ಲಿ ಕೂತಿದ್ದ ಆ ಹೆಂಗಸಿನ ಮೇಲೂ ನನಗೆ ಆಗ ಹೊಟ್ಟೆಕಿಚ್ಚೇ ಆಯಿತು.