ಹಿಂದಿನ ದೀಪ

ಷಡ್ಡಕರಿಗಿಂತ ಒಂದು ಕೈ ಮೇಲಿರಬೇಕು, ಅದೊಂದೇ ಚಿಕ್ಕಪ್ಪನ ಆಸೆ. ಆ ಷಡ್ಡಕರು, ಅಂದರೆ ಚಿಕ್ಕಮ್ಮನ ಅಕ್ಕನ ಗಂಡ, ಹೋದ ವರ್ಷ ದುಬಾರಿ ಕಾರೊಂದನ್ನು ಲೀಸ್‌ಗೆ ತಂದು ಬೀಗುತ್ತಿದ್ದರು.

ಚಿಕ್ಕಪ್ಪ ನನ್ನನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದ ಶೋರೂಮಿನಲ್ಲಿ ಅದೇ ಕಾರಿನ ಎರಡು ಮಾದರಿ ನಿಂತಿದ್ದವು. ಷಡ್ಡಕರ ಹತ್ತಿರ ಇರುವ ಹಳೆಯದು ಇನ್ನು ಬರುವುದಿಲ್ಲವಂತೆ, ಅದಕ್ಕೇ ಅಗ್ಗ. ಇನ್ನೊಂದು ಹೊಸದು.

"ಏನು ವ್ಯತ್ಯಾಸ?" ಎಂದರು ಚಿಕ್ಕಪ್ಪ.

ಸೇಲ್ಸ್‌ನವನು ನಮ್ಮನ್ನು ಕಾರುಗಳ ಹಿಂದಕ್ಕೆ ಕರೆದೊಯ್ದ. "ಹೊರಗಿನಿಂದ ನೋಡಿದ್ರೆ ಈ ಹಿಂದಿನ ದೀಪ ಮಾತ್ರ ಸಾರ್."

"ಸಾಕು. ನಿಮ್ಮ ಭಾವನ ಕಾರಿನ ಮುಂದೇನೇ ಓಡಿಸ್ತೀನಿ," ಎಂದರು ಚಿಕ್ಕಮ್ಮನಿಗೆ.

"ನಿಮ್ಮನ್ನ ಸೈಕಲ್‌ನವರೂ ಹಿಂದೆ ಹಾಕ್ತಾರೆ."

"ಹಾಗಾದ್ರೆ ಅವರ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸ್ತೀನಿ."

"ನಿಮಗೆ ರಿವರ್ಸ್ ಬರೋ ಹಾಗಿದ್ದಿದ್ರೆ ನಮ್ಮ ಗೇಟು ಯಾಕ್ರೀ ಸೊಟ್ಟಗಾಗ್ತಿತ್ತು?"

ಸೇಲ್ಸ್‌ನವನು ನಗು ನುಂಗಿ ಕೆಮ್ಮಿದ. ನಾನು ನೆಲ ನೋಡಿದೆ. ಚಿಕ್ಕಪ್ಪ ಹೊಸ ದೀಪವನ್ನು ಒಮ್ಮೆ ಸವರಿ, ಮೀಸೆಗೆ ಮಣ್ಣೇ ತಾಗದವರಂತೆ ಹಳೆಯ ಕಾರಿನ ಕಡೆ ತಿರುಗಿದರು.

"ಇದರ ಮುಖ ಎಷ್ಟು ಲಕ್ಷಣವಾಗಿದೆ. ಇದನ್ನೇ ಕೊಡಿ. ನಿಮ್ಮ ಭಾವನದು ಬಿಳಿ ಅಲ್ವೇನೇ? ನಮಗೆ ಕೆಂಪು ಇರಲಿ. ಬೀದಿ ತುದಿಯಿಂದಲೇ ಹೊಟ್ಟೆ ಉರೀಬೇಕು."