ಬೊಟ್ಟಿನ ಹಿಂದೆ ಉರಿದ ಕೆಂಪು ದೀಪ

ಕೊಯಮತ್ತೂರಿನ ಹತ್ತಿರದ ಸೋಮನೂರಿನ ಕನ್ನಡ ನೇಕಾರರ ಬೀದಿಯಲ್ಲಿ ಬೆಳಗಾದರೆ ಎರಡು ಕೆಲಸ ತಪ್ಪುವುದಿಲ್ಲ. ಹೆಂಗಸರು ಬಾಗಿಲಿಗೆ ನೀರು ಚೆಲ್ಲಿ ಕೋಲ, ಅಂದರೆ ರಂಗೋಲಿ, ಹಾಕುತ್ತಾರೆ. ಗಂಡಸರು ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ತರಿಗೆ, ಅಂದರೆ ಮಗ್ಗಕ್ಕೆ, ಎಣ್ಣೆ ಬಿಡುತ್ತಾರೆ. ಆಮೇಲೆ ಇಡೀ ಬೀದಿ 'ಟಕ್ಕು ಟಕ್ಕು' ಎನ್ನತೊಡಗುತ್ತದೆ. ಆ ಸದ್ದಿನಲ್ಲಿ ಪಿಸುಮಾತು ನಡೆಯದು. ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಹಾಗಾಗಿ ಆ ಬೀದಿಯಲ್ಲಿ ಗುಟ್ಟು ಅನ್ನುವುದೇ ಇಲ್ಲ.

ನಂಜಪ್ಪನ ಮನೆಯ ಕೋಲದ ವಿಷಯವೂ ಹಾಗೇ ಬೀದಿಗೆಲ್ಲ ಗೊತ್ತಾಯಿತು.

"ಸೊಲ್ಪ ಇಲ್ಲಿ ಬನ್ನಿ!" ಎಂದು ಅವನ ಹೆಂಡತಿ ಸಾಂತಿ ಬಾಗಿಲಲ್ಲಿ ನಿಂತು ಕೂಗಿದಳು. "ನನ್ನ ಕೋಲಕ್ಕೆ ದೃಷ್ಟಿ ಬೊಟ್ಟು ಇಟ್ಟದೆ ನಿಮ್ಮ ವಂಡಿ! ದಿನಾ ಇದೇ ಕತೆ. ಕರಿ ಕರಿ ಎಣ್ಣೆ."

ವಂಡಿ ಎಂದರೆ ಅವರ ಹಳೆಯ ಬಿಳಿ ಕಾರು. ರಾತ್ರಿ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು.

"ಪಕ್ಕದ ಮನೆ ಆಟೋದು ಇರ್ತದೆ," ಎಂದು ನಂಜಪ್ಪನ್ ಒಳಗಿನಿಂದಲೇ ಕೂಗಿದ.

"ಆ ಆಟೋ ರಾತ್ರಿಯೆಲ್ಲ ಉಕ್ಕಡಂ ಮೀನು ಮಾರ್ಕೆಟ್ಟಲ್ಲಿ ನಿಂತಿರ್ತದೆ. ಅಲ್ಲಿಂದ ಇಲ್ಲೀವರೆಗೂ ತೊಟ್ಟಿಕ್ತದಾ?"

ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಇರ್ಫಾನ್ ಮೆಟ್ಟಿಲಿಳಿಯುತ್ತ ನಕ್ಕ. ತುಮಕೂರಿನ ಹುಡುಗ, ಓದಿದ ಎಂಜಿನಿಯರ್. ಕೊಯಮತ್ತೂರಿನ ಪಂಪು ಕಾರ್ಖಾನೆಯೊಂದರಲ್ಲಿ ಯಂತ್ರಗಳ ಸದ್ದು ಪರೀಕ್ಷಿಸುವುದೇ ಅವನ ಕೆಲಸ. ನೆಲದ ಮೇಲಿನ ಕರಿ ಹನಿಯನ್ನು ಬೆರಳಿನಿಂದ ಮುಟ್ಟಿ ಮೂಸಿದ.

"ಅಣ್ಣ, ಇದು ಎಂಜಿನ್ ಆಯಿಲ್. ನಿಮ್ಮ ಕಾರಿಂದಾನೇ ಸೋರ್ತಿದೆ. ಈಚೆಗೆ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಅಂತ ಬೇರೆ ಹೊಡೀತಿದೆ. ಆಯಿಲ್ ಕಮ್ಮಿಯಾಗಿರಬೇಕು."

ನಂಜಪ್ಪನ್ ಎಣ್ಣೆ ಡಬ್ಬಿ ಹಿಡಿದೇ ಹೊರಗೆ ಬಂದ.

"ತಂಬಿ, ಟಕ್ಕು ಟಕ್ಕು ಅಂದ್ರೆ ಚೆನ್ನಾಗಿ ಓಡ್ತಾ ಅದೆ ಅಂತ ಅರ್ಥ ಪಾ! ತರಿ ಸುಮ್ನಾದ್ರೆ ದಾನೇ ಕವಲೆ? ಸದ್ದು ಇದ್ರೆ ಏನು ಕವಲೆ, ಏನು ಚಿಂತೆ?"

"ಮಗ್ಗ ಸದ್ದು ಮಾಡಬೇಕು ಅಣ್ಣ. ಎಂಜಿನ್ ಹಾಗೆ ಬಡಕೊಳ್ಳಬಾರದು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಎಣ್ಣೆ ಹಾಕಿದವನೂ ಕಾರು ಓಡಿಸಬಾರದು, ಎಣ್ಣೆ ಹಾಕದ ಕಾರನ್ನೂ ಓಡಿಸಬಾರದು."

ಸಾಂತಿ ಕಿಸಕ್ಕನೆ ನಕ್ಕಳು. ಇರ್ಫಾನ್ ಕಾರಿನೊಳಗೆ ಇಣುಕಿದ. ಸ್ಟಿಯರಿಂಗ್ ಹಿಂದಿನ ಮೀಟರ್ ಗಾಜಿನ ಮೇಲೆ ಗಂಧ, ಅದರ ನಡುವೆ ಕುಂಕುಮ, ಒಂದು ರೂಪಾಯಿಗಿಂತ ದೊಡ್ಡ ಬೊಟ್ಟು. ಆಯುಧ ಪೂಜೆಯಲ್ಲಿ ತರಿಗೆ ಇಟ್ಟ ಕೈಯಲ್ಲೇ ನಂಜಪ್ಪನ್ ಇಟ್ಟದ್ದು.

"ಇದನ್ನ ಒರೆಸಿಬಿಡಿ ಅಣ್ಣ. ಇದರ ಹಿಂದೆ ಎಚ್ಚರಿಕೆ ದೀಪಗಳಿರ್ತವೆ."

ನಂಜಪ್ಪನ ಮುಖ ಬಿಗಿಯಿತು. "ಇಟ್ಟ ಬೊಟ್ಟು ಒರಸ್ತಾರಾ? ತರಿ ಮೇಲಿಂದು ಒರಸ್ತೀವಾ? ತಾನಾಗೇ ಉದುರಬೇಕು ತಂಬಿ. ನಾವು ಕೈ ಹಾಕಕೂಡದು."

ಇರ್ಫಾನ್ ಕಾರಿನ ಬಾಗಿಲು ಮುಚ್ಚಿ ಕೆಲಸಕ್ಕೆ ಹೊರಟ. ನಂಬಿಕೆಯ ವಿಷಯಕ್ಕೆ ಬಾಡಿಗೆಯವನು ಎಷ್ಟು ಮಾತಾಡಿಯಾನು?

ನಿಜ ಹೇಳಬೇಕೆಂದರೆ, ಆ ಟಕ್ ಟಕ್ ಸದ್ದು ನಂಜಪ್ಪನಿಗೆ ಹಿತವೇ ಆಗಿತ್ತು. ಅದರಲ್ಲಿ ಅವನ ಅಕ್ಕ ಚೌಡಮ್ಮ ಇದ್ದಳು. ಚಿಕ್ಕಂದಿನಲ್ಲಿ ಅವನು ತರಿಯ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಊಟಕ್ಕೆ ಕರೆಯಬೇಕಾದರೆ ಹೆಸರು ಹಿಡಿದು ಕರೆದವಳಲ್ಲ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, 'ಟಕ್ ಟಕ್, ಟಕ್ ಟಕ್', ತರಿಯ ಸದ್ದನ್ನೇ ಅಣಕಿಸುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ, ತರಿ ನಿಂತಿದ್ದರೂ ಓಡುತ್ತಿದೆಯೆಂದು ಅಪ್ಪ ಮೋಸಹೋಗುತ್ತಿದ್ದ. ಆನೈಮಲೈಗೆ ಮದುವೆಯಾಗಿ ಹೋದ ಮೇಲೂ ಫೋನೆತ್ತಿದರೆ ಮೊದಲು ಅದೇ ಸದ್ದು, ಆಮೇಲೆ ಮಾತು.

ಈಗ ಅವಳಿಗೆ ಕಾಯಿಲೆ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. ಸುದ್ದಿ ಕೇಳಿದ ದಿನವೇ ನಂಜಪ್ಪನ್ ಅಟ್ಟದಿಂದ ಅಪ್ಪನ ಕೈಮಗ್ಗ ಇಳಿಸಿ ಅವಳಿಗೊಂದು ಸೀರೆ ಹೂಡಿದ. ಮಾವಿನೆಲೆ ಹಸಿರು, ಅರಿಶಿನದ ಅಂಚು. ಊರಿಗೆಲ್ಲ ಸೀರೆ ನೇಯ್ದ ಕೈ ಅಕ್ಕನಿಗೆಂದೇ ಒಂದು ಸೀರೆ ನೇಯ್ದಿರಲಿಲ್ಲ.

ಫೋನಿನಲ್ಲಿ ಹೇಳಿದಾಗ ಚೌಡಮ್ಮ ನಕ್ಕಿದ್ದಳು. "ಸೀಕ್ಕಿರಂ, ಬೇಗ ತಾರೋ. ಹೆಣಕ್ಕೆ ತವರುಮನೆ ಕೋಡಿ ಸೀರೆ ಹಾಕೇ ಹಾಕ್ತಾರೆ, ಅದು ನಂಗೆ ಕಾಣ್ತದಾ? ಇದನ್ನ ಉಟ್ಟು ಕನ್ನಡಿ ಮುಂದೆ ನಿಲ್ಲಬೇಕು ನಾನು."

ಸೀರೆ ಮಗ್ಗದಿಂದ ಇಳಿದ ಮರುದಿನ ಬೆಳಿಗ್ಗೆ ಭಾವ ಲಿಂಗಪ್ಪನ್ ಫೋನ್ ಮಾಡಿದ. "ಬಾ ಪಾ. ಕಣ್ಣು ಬಾಗಿಲಲ್ಲೇ ಇಟ್ಟಾವ್ಳೆ. ಈಗಲೇ ಬಾ."

ನಂಜಪ್ಪನ್ ಸೀರೆಯನ್ನು ಹಳದಿ ಚೀಲಕ್ಕೆ ಹಾಕಿಕೊಂಡು ಸಾಂತಿಯ ಜೊತೆ ಕಾರಿಗೆ ಓಡಿದ. ಇರ್ಫಾನ್ ಅಡ್ಡ ಬಂದ.

"ಅಣ್ಣ, ಐದು ನಿಮಿಷ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ನೋಡಿಬಿಡ್ತೀನಿ. ದೂರದ ದಾರಿ. ಇಲ್ಲಾಂದ್ರೆ ನನ್ನ ಕಾರು ತಗೊಂಡು ಹೋಗಿ."

"ಐದು ನಿಮಿಷ ಎಲ್ಲಿದೆ ತಂಬಿ ನನ್ನ ಹತ್ರ? ಅಕ್ಕನ ಮನೆಗೆ ತವರಿನ ಸೀರೆ ತವರಿನ ವಂಡಿಲೇ ಹೋಗಬೇಕು. ದಾರಿ ಬಿಡು."

ಇರ್ಫಾನ್ ದಾರಿ ಬಿಟ್ಟ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಎಂಬ ಗಾದೆಯನ್ನು ಎಷ್ಟು ಸಲ ಕೇಳಿ ನಕ್ಕಿದ್ದೇವೆ! ಆ ಬೆಳಿಗ್ಗೆ ಅದು ನಗುವ ಮಾತಾಗಿರಲಿಲ್ಲ.

ಸುಲ್ತಾನ್‌ಪೇಟೆ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಕಾರು ಬಲ ಕಳೆದುಕೊಂಡ ಹಾಗೆ ಏದುಸಿರು ಬಿಡತೊಡಗಿತು. ಟಕ್ ಟಕ್ ಸದ್ದು ಜೋರಾಯಿತು. ನಂಜಪ್ಪನ್ ತನ್ನಷ್ಟಕ್ಕೆ ಅಂದುಕೊಂಡ: ಅಕ್ಕ ಕರೀತಾವ್ಳೆ. ಇನ್ನಷ್ಟು ವೇಗವಾಗಿ ಓಡಿಸಿದ.

"ಏನೋ ಸುಟ್ಟ ವಾಸನೆ," ಎಂದಳು ಸಾಂತಿ.

"ತೆಂಗಿನ ತೋಟ ದಾನೇ ಎಲ್ಲಾ ಕಡೆ. ಯಾರೋ ನಾರು ಸುಡ್ತಾರೆ."

ಸಾಂತಿಯ ಕಣ್ಣು ಮೀಟರಿನ ಬೊಟ್ಟಿನ ಮೇಲೆ ಬಿತ್ತು. ಯಾವತ್ತೂ ಇಲ್ಲದೆ ಅದು ಒಳಗಿನಿಂದ ಕೆಂಪಗೆ ಹೊಳೆಯುತ್ತಿತ್ತು. ದೇವಿ ಅಮ್ಮನೇ ದಾರಿ ತೋರಿಸುತ್ತಿದ್ದಾಳೆ ಎಂದುಕೊಂಡು ಅವಳು ಕೈ ಮುಗಿದಳು.

ನೆಗಮಂ ಹತ್ತಿರ ಬಂದಾಗ ಎಂಜಿನ್ನಿನೊಳಗೆ ಕಬ್ಬಿಣ ಮುರಿದ ಹಾಗೆ ಒಂದು ದೊಡ್ಡ ಸದ್ದಾಯಿತು. ಕಾರು ಜಗ್ಗಿ, ರಸ್ತೆಯ ಅಂಚಿಗೆ ಉರುಳಿ ನಿಂತಿತು.

ಆಮೇಲೆ ಸದ್ದೇ ಇಲ್ಲ.

ಹುಟ್ಟಿದಂದಿನಿಂದ ಸದ್ದಿನಲ್ಲೇ ಬದುಕಿದ ನಂಜಪ್ಪನಿಗೆ ಆ ಮೌನ ಕಿವಿಯ ಮೇಲೆ ಹೊಡೆದಂತಾಯಿತು. ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ. ಎಂಜಿನ್ ಅಲುಗಲಿಲ್ಲ. ಇರ್ಫಾನನಿಗೆ ಫೋನ್ ಮಾಡಿದ.

"ಅಣ್ಣ, ಇನ್ನು ಸ್ಟಾರ್ಟ್ ಮಾಡಬೇಡಿ. ಬಾನೆಟ್ ಎತ್ತಿ. ಹಳದಿ ಹಿಡಿಯ ಉದ್ದ ಕಡ್ಡಿ ಇದೆಯಲ್ಲ, ಎಳೀರಿ. ತುದಿಯಲ್ಲಿ ಎಣ್ಣೆ ಕಾಣುತ್ತಾ?"

ಕಡ್ಡಿ ಒಣಗಿತ್ತು. ಬೇಸಿಗೆಯ ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ.

ಸಾಂತಿ ಸೆರಗಿನ ತುದಿಯಿಂದ ಬೊಟ್ಟು ಒರೆಸಿದಳು. ಗಾಜಿನ ಹಿಂದೆ ಒಂದು ಪುಟ್ಟ ಕೆಂಪು ಚಿತ್ರ ಉರಿಯುತ್ತಿತ್ತು. ಉದ್ದ ಮೂತಿಯ ಎಣ್ಣೆ ಡಬ್ಬಿ, ಮೂತಿಯ ತುದಿಯಲ್ಲಿ ಒಂದು ಹನಿ. ನಂಜಪ್ಪನ್ ಅದನ್ನೇ ನೋಡುತ್ತ ನಿಂತ. ಬೆಳಗಾದರೆ ಕೈಯಲ್ಲಿ ಹಿಡಿಯುತ್ತಿದ್ದ ಡಬ್ಬಿ ಅದು. ಇದಕ್ಕೆ ಯಾರೂ ಅವನಿಗೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಪೊಳ್ಳಾಚಿಗೆ ಹೋಗುವ ಬಸ್ಸು ಬರುವ ತನಕ ರಸ್ತೆ ಬದಿಯಲ್ಲಿ ಕಾದರು. ಪೊಳ್ಳಾಚಿಯಲ್ಲಿ ಇನ್ನೊಂದು ಬಸ್ಸಿಗೆ ಕಾದರು. ಹಳದಿ ಚೀಲ ಅವನ ತೊಡೆಯ ಮೇಲಿತ್ತು. ಕಂಡಕ್ಟರ್ "ಮೇಲಿಡು ಪಾ" ಎಂದರೂ ಬಿಡಲಿಲ್ಲ.

ಆನೈಮಲೈಯ ಆ ಬೀದಿಯಲ್ಲಿ ಹೊರಗೆ ಬೆಂಚು ಹಾಕಿ ಜನ ಕೂತಿದ್ದರು. ಅದನ್ನು ಕಂಡಾಗಲೇ ಸಾಂತಿ ಅವನ ತೋಳು ಹಿಡಿದುಕೊಂಡಳು.

ಲಿಂಗಪ್ಪನ್ ಎದ್ದು ಬಂದು ಅವನ ಭುಜದ ಮೇಲೆ ತಲೆ ಇಟ್ಟ.

"ಈಗ ದಾನ್ ಪಾ ಹೋದ್ಲು. ಮಧ್ಯಾಹ್ನದ ತನಕ ಇದ್ಲು. ಮಾತು ನಿಂತು ಹೋಗಿತ್ತು. ಬೀದಿಲಿ ವಂಡಿ ಬಂದಾಗೆಲ್ಲ ಬಾಗಿಲ ಕಡೆ ತಿರುಗಿ, ನಾಲಿಗೇಲಿ ಟಕ್ ಟಕ್ ಅಂತಿದ್ಲು. ನಾವು ಬಾಯಾರಿಕೆ ಅಂದ್ಕೊಂಡು ನೀರು ಬಿಟ್ವಿ. ಏನು ಬೇಕಾಗಿತ್ತೋ, ಯಾರಿಗೂ ತಿಳೀಲಿಲ್ಲ."

ನಂಜಪ್ಪನಿಗೆ ತಿಳಿಯಿತು.

ಚೀಲ ಬಿಚ್ಚಿದ. ಮಾವಿನೆಲೆ ಹಸಿರು, ಅರಿಶಿನದ ಅಂಚು. ನೆರೆದ ಹೆಂಗಸರು "ಎಂಥಾ ಸೀರೆ!" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಿಯ ಮುಂದೆ ಉಟ್ಟು ನಿಲ್ಲಬೇಕಾಗಿದ್ದ ಸೀರೆಯನ್ನು ತಮ್ಮ ತನ್ನ ಕೈಯಾರೆ ಅಕ್ಕನ ಮೇಲೆ ಕೋಡಿಯಾಗಿ ಹೊದಿಸಿದ. ಅವಳ ಹಣೆಯ ಕುಂಕುಮ ಹಾಗೇ ಇತ್ತು.

ಸಾಂತಿ ಗೋಡೆಗೆ ಒರಗಿ ಅತ್ತಳು. ನಂಜಪ್ಪನ್ ಅಳಲಿಲ್ಲ. ಅಕ್ಕನ ಕಿವಿಯ ಹತ್ತಿರ ಬಾಗಿ, ನಾಲಿಗೆಯಲ್ಲಿ ಮೆಲ್ಲಗೆ ಒಮ್ಮೆ ಸದ್ದು ಮಾಡಿದ. ಅವನಿಗೆ ಅದು ಅಕ್ಕನಷ್ಟು ಚೆನ್ನಾಗಿ ಯಾವತ್ತೂ ಬರುತ್ತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು ಊರಿಗೆ ಬಂದ ಮೇಲೆ ಇರ್ಫಾನ್ ಮೆಟ್ಟಿಲ ಮೇಲೆ ಬಂದು ಕೂತ.

"ಅವತ್ತು ನಾನು ಕೀಲಿ ಕಿತ್ಕೋಬೇಕಾಗಿತ್ತು ಅಣ್ಣ."

"ನೀನು ಹೇಳ್ದೆ ತಂಬಿ. ಕೇಳೋ ಕಿವಿ ನನ್ನದು. ಐದು ನಿಮಿಷ ಇಲ್ಲ ಅಂದೆ. ರೋಡಲ್ಲಿ ಎಷ್ಟು ಹೊತ್ತು ಕೂತೆ, ಗೊತ್ತಾ?" ನಂಜಪ್ಪನ್ ಅವನ ಪಕ್ಕ ಕೂತ. ಆಮೇಲೆ ಕೇಳಿದ: "ಆ ಕಡ್ಡಿ ನೋಡೋದು ಎಂಗೆ? ನಂಗೆ ಕಲಿಸು. ಇವಳಿಗೂ ಕಲಿಸು."

ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಿ ತಂದ ಮೇಲೆ ಕಾರು ಅದೇ ಬಾಗಿಲ ಮುಂದೆ ನಿಂತಿತು. ಮೊದಲು ಕಲಿತವಳು ಸಾಂತಿ.

"ಸಮನೆಲದಲ್ಲಿ ನಿಲ್ಲಿಸಬೇಕು ಅಕ್ಕ," ಎಂದ ಇರ್ಫಾನ್. "ಓಡಿಸಿ ಬಂದಿದ್ರೆ ಹತ್ತು ನಿಮಿಷ ಆರೋಕೆ ಬಿಡಬೇಕು. ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಬೇಕು. ಎರಡು ಗುರುತಿನ ನಡುವೆ ಎಣ್ಣೆ ಇದ್ರೆ ಸರಿ. ಕೆಳಗಿನ ಗುರುತಿಗೆ ಇಳಿದಿದ್ರೆ ಹಾಕಲೇಬೇಕು."

"ತರಿ ಎಣ್ಣೆ ಹಾಕಿದ್ರೆ ಆಗ್ತದಾ?"

"ಬೇಡವೇ ಬೇಡ ಅಕ್ಕ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಆಯಿಲ್ ಅಂತ ಬರೆದಿರುತ್ತೆ, ಅದೇ ಹಾಕಬೇಕು. ಮೇಲಿನ ಗುರುತು ದಾಟೋ ಹಾಗೂ ಹಾಕಬಾರದು. ಹಾಕಿದ ಮೇಲೂ ಕಮ್ಮಿಯಾಗ್ತಾ ಇದ್ರೆ ಎಲ್ಲಿ ಸೋರ್ತಿದೆ ಅಂತ ಮೆಕ್ಯಾನಿಕ್ ಹತ್ರ ತೋರಿಸಬೇಕು."

ಮುಂದಿನ ಆಯುಧ ಪೂಜೆಯಲ್ಲಿ ನಂಜಪ್ಪನ್ ತರಿಗೆ ಬೊಟ್ಟಿಟ್ಟ. ಕಾರಿಗೂ ಇಟ್ಟ, ಬಾನೆಟ್ಟಿನ ಮೇಲೆ. ಮೀಟರ್ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದ. "ಅಮ್ಮನಿಗೆ ಜಾಗ ಎಲ್ಲಿ ಕೊಟ್ರೂ ಆಯ್ತು. ಕಣ್ಣು ಮಾತ್ರ ಮುಚ್ಚಬಾರದು," ಎಂದ. ಈಗ ವಾರಕ್ಕೊಮ್ಮೆ ತರಿಗೆ ಎಣ್ಣೆ ಬಿಟ್ಟ ಕೈಯಲ್ಲೇ ಬಾನೆಟ್ ಎತ್ತುತ್ತಾನೆ. ಕಡ್ಡಿ ಎಳೆದು ನೋಡುತ್ತಾನೆ. ಆನೈಮಲೈ ಕಡೆಗೆ ಹೋಗುವ ಕೆಲಸ ಈಗ ಹೆಚ್ಚಾಗಿ ಇಲ್ಲ. ಆದರೂ ನೋಡುತ್ತಾನೆ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ಯಾರೋ ಓದಿ ಹೇಳುವುದನ್ನು ಕೇಳುತ್ತಿರುವ ಅಮ್ಮ, ನಿಮ್ಮ ಬಾಗಿಲಲ್ಲೂ ಒಂದು ಕಾರು ನಿಂತಿರಬಹುದು. ನಾಳೆ ಕೋಲ ಹಾಕುವಾಗ ಅದರ ಕೆಳಗೆ ಕರಿ ಹನಿ ಬಿದ್ದಿದೆಯೇ ನೋಡಿ. ಎಂಜಿನ್ ಟಕ್ ಟಕ್ ಎಂದು ಬಡಿದರೆ, ಸುಟ್ಟ ಎಣ್ಣೆಯ ವಾಸನೆ ಬಂದರೆ, ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಬಂದರೆ, ಕಾರು ಬೇಗ ಕಾದು ಏದುಸಿರು ಬಿಟ್ಟರೆ, ಸುಮ್ಮನಿರಬೇಡಿ. ಕೀಲಿ ತಿರುಗಿಸಿದಾಗ ಎಣ್ಣೆ ಡಬ್ಬಿಯ ಕೆಂಪು ಚಿತ್ರ ಒಮ್ಮೆ ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ, ಅಥವಾ ಓಡುವಾಗ ಹೊತ್ತಿಕೊಂಡರೆ, "ಇನ್ನು ಸ್ವಲ್ಪ ದೂರ ದಾನೇ" ಎನ್ನದೆ ಅಲ್ಲೇ ರಸ್ತೆ ಬದಿಗೆ ತಂದು ಎಂಜಿನ್ ಆರಿಸಿ. ಆ ಚಿತ್ರದ ಮೇಲೆ ಬೊಟ್ಟು, ಹೂವು, ಚಿತ್ರಪಟ ಏನೂ ಇರದಿರಲಿ.

ಹೊರಡುವ ಮುಂಚೆ ಐದು ನಿಮಿಷ ಕೊಡಿ. ನಿಮ್ಮನ್ನೂ ಯಾರೋ ಬಾಗಿಲಲ್ಲಿ ಕಣ್ಣಿಟ್ಟು ಕಾಯುತ್ತಿರುತ್ತಾರೆ.